ಮೂಗು ಮೇಲೆ, ವೇಗ ಕೆಳಗೆ

"ವಿಮಾನಕ್ಕ ಹಾರ್ನ್ ಇರತೈತೇನ್ರಿ?"

ನಿವೃತ್ತಳಾಗಿ ರಾಣೆಬೆನ್ನೂರಿನಲ್ಲಿ ಮನೆ ಮಾಡಿದ ಹೊಸತರಲ್ಲಿ ಪಕ್ಕದ ಮನೆಯವರು ಕೇಳಿದ ಪ್ರಶ್ನೆ ಇದು. ಇರುತ್ತದೆ ಎಂದೆ. ಒಂದಲ್ಲ, ಹಲವು ಇರುತ್ತವೆ. ಆದರೆ ಅವು ಎದುರಿಗೆ ಬರುವವರಿಗಾಗಿ ಅಲ್ಲ, ಒಳಗೆ ಕೂತು ನಡೆಸುವ ನಮಗಾಗಿ ಊದುತ್ತವೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರೂ ಪೈಲಟ್ ಆಗುತ್ತೇವೆಂದು ವಿಚಾರಿಸಲು ಬರುತ್ತಾರೆ. ಕುಪ್ಪೇಲೂರಿನಿಂದ ಒಬ್ಬಳು ಬಸ್ಸು ಹತ್ತಿ ಬಂದು, ಏರಿಸುವುದು ಕಷ್ಟವೋ ಇಳಿಸುವುದು ಕಷ್ಟವೋ ಎಂದು ಕೇಳಿದಳು. ಎರಡೂ ಅಲ್ಲ, ಇಳಿಸಲು ಹೋಗಿ ಇಳಿಸದೆ ಇರುವುದು ಕಷ್ಟ ಎಂದೆ. ಗಾದೆ ಹೇಳುತ್ತಿದ್ದೇನೆ ಎಂದುಕೊಂಡು ಬರೆದುಕೊಂಡಳು. ಅದು ಗಾದೆಯಲ್ಲ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕೆಲವೊಮ್ಮೆ ರನ್‌ವೇ ಹತ್ತಿರ ಬಂದ ಮೇಲೆ ಏನೋ ಒಂದು ಸರಿ ಬರುವುದಿಲ್ಲ. ಮೋಡ ಬಿಟ್ಟಿರುವುದಿಲ್ಲ, ವೇಗ ಹದದಲ್ಲಿರುವುದಿಲ್ಲ, ನಮಗಿಂತ ಮುಂಚೆ ಇಳಿದ ವಿಮಾನ ಇನ್ನೂ ದಾರಿ ಬಿಟ್ಟಿರುವುದಿಲ್ಲ. ಆಗ ಇಳಿಯುವ ಯೋಚನೆ ಬಿಟ್ಟು, ಎಂಜಿನ್‌ಗೆ ಶಕ್ತಿ ಕೊಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬೇಕು. ಇದಕ್ಕೆ ಗೋ-ಅರೌಂಡ್ ಎನ್ನುತ್ತೇವೆ. ಕೇಳಲು ಸರಳ. ಬಸ್ಸು ಸ್ಟ್ಯಾಂಡಿನೊಳಗೆ ಜಾಗ ಇಲ್ಲದಿದ್ದರೆ ಡ್ರೈವರ್ ಒಂದು ಸುತ್ತು ಹಾಕಿ ಬರುವುದಿಲ್ಲವೇ, ಹಾಗೆ. ವ್ಯತ್ಯಾಸ ಇಷ್ಟೇ: ಬಸ್ಸು ನಿಧಾನವಾದರೆ ಕೆಳಗೆ ಬೀಳುವುದಿಲ್ಲ.

ಸ್ಟಾಲ್ ಎಂಬ ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಸ್ಟಾಲ್ ಎಂದರೆ ಎಂಜಿನ್ ಬಂದಾಗುವುದು ಎಂದು ನಮ್ಮೂರಲ್ಲಿ ಎಲ್ಲರೂ ತಿಳಿದಿದ್ದಾರೆ. ಅಲ್ಲ. ಹಾವೇರಿಯಿಂದ ಹೊಸರಿತ್ತಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿ, ಕಂಡಕ್ಟರ್ ನೋಡುವುದರೊಳಗೆ ಮುಂದಿನ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಗಾಳಿ ಕೈಯನ್ನು ಮೇಲಕ್ಕೆತ್ತುತ್ತದೆ. ಇನ್ನೂ ಎತ್ತಿ, ಇನ್ನೂ ಎತ್ತಿ. ಒಂದು ಹಂತದಲ್ಲಿ ಗಾಳಿ ಎತ್ತುವುದನ್ನು ಬಿಟ್ಟು ಕೈಯನ್ನು ಹಿಂದಕ್ಕೆ ಒಗೆಯುತ್ತದೆ. ರೆಕ್ಕೆಗೆ ಹೀಗಾಗುವುದೇ ಸ್ಟಾಲ್. ಎಂಜಿನ್ ಪೂರಾ ಜೋರಿನಲ್ಲಿ ಒದರುತ್ತಿರುವಾಗಲೂ ಆಗುತ್ತದೆ. ನಾನು ಕಂಡದ್ದು ಅಂಥದ್ದನ್ನೇ.

ನಾನು ಬ್ಯಾಡಗಿಯವಳು. ಪೈಲಟ್ ಹೇಗಾದೆ ಎನ್ನುವುದು ಬೇರೆ ಕಥೆ. ಅದರಲ್ಲಿ ಅರ್ಜಿಗಳೇ ಹೆಚ್ಚು. ಎಂಬತ್ತರ ದಶಕದಲ್ಲಿ ಕೋ-ಪೈಲಟ್ ಆಗಿ ಸೇರಿದಾಗ ಕ್ಯಾಪ್ಟನ್ ದೇಸಾಯಿ ನಮ್ಮ ಹಿರಿಯ ಪರೀಕ್ಷಕರು. ಬೇರೆ ಕ್ಯಾಪ್ಟನ್‌ಗಳ ಕೈಚಳಕವನ್ನು ಪರೀಕ್ಷಿಸಿ ಪಾಸು, ನಪಾಸು ಮಾಡುವವರು. ಹುಟ್ಟಿದ್ದು ಹೊಸರಿತ್ತಿ, ಕೆಲಸ ಕಲಿತದ್ದು ವಾಯುಪಡೆಯಲ್ಲಿ, ಮನೆ ಕಟ್ಟಿಸಿದ್ದು ಹಾವೇರಿಯಲ್ಲಿ. ಮೊದಲ ದಿನ ಇಂಗ್ಲಿಷಿನಲ್ಲಿ ಯಾವ ಊರು ಎಂದು ಕೇಳಿದರು. ಬ್ಯಾಡಗಿ ಎಂದೆ.

"ಮೆಣಸಿನಕಾಯಿ," ಎಂದರು.

ಆಮೇಲೆ ಕೆಲವು ವರ್ಷ ಅವರ ಬಾಯಿಂದ ನಾನು ಕೇಳಿದ ಕನ್ನಡ ಅದೊಂದೇ ಪದ. ಕಾಕ್‌ಪಿಟ್‌ನಲ್ಲಿ ಊರ ಭಾಷೆ ಕೂಡದು ಎಂಬುದು ಅವರ ನಿಯಮ. ಹಾಗೆ ಮಾತಾಡಿದರೆ ಸಲಿಗೆ ಬರುತ್ತದೆ, ಸಲಿಗೆ ಬಂದರೆ ಶಿಸ್ತು ಹೋಗುತ್ತದೆ. ಕೋ-ಪೈಲಟ್ ಕೆಲಸ ರೇಡಿಯೋದಲ್ಲಿ ಮಾತಾಡುವುದು, ಕೇಳಿದಾಗ ಚಕ್ರ ಇಳಿಸುವುದು, ಉಳಿದ ಹೊತ್ತು ಕಲಿಯುವುದು. ಆಗಿನ ಹಿರಿಯರಲ್ಲಿ ಬಹಳ ಜನ ಹಾಗೇ ಇದ್ದರು. ಇಳಿಯದೆ ಸುತ್ತು ಹಾಕಿದರೆ ಅವತ್ತು ಸಂಜೆ ಕ್ಯಾಂಟೀನಿನಲ್ಲಿ ಯಾರಾದರೂ, "ಏನು, ರನ್‌ವೇ ಇಷ್ಟವಾಗಲಿಲ್ಲವೇ?" ಎಂದು ಕೇಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಹೇಗೋ ಇಳಿಸಿಬಿಡುವುದೇ ಲೇಸೆಂದು ಗಂಡಸರು ತಿಳಿದಿದ್ದರು. ಹೀಗಾಗಿ ಗೋ-ಅರೌಂಡ್ ಪುಸ್ತಕದಲ್ಲಿತ್ತು, ರೂಢಿಯಲ್ಲಿ ಇರಲಿಲ್ಲ.

ಆ ಮಳೆಗಾಲದ ಮಧ್ಯಾಹ್ನ ನಾವು ಕರಾವಳಿಯ ಒಂದು ನಿಲ್ದಾಣಕ್ಕೆ ಇಳಿಯುತ್ತಿದ್ದೆವು. ಅರ್ಧದಷ್ಟು ಸೀಟು ಖಾಲಿ, ಎಣ್ಣೆಯೂ ಬಹಳ ಉಳಿದಿರಲಿಲ್ಲ, ವಿಮಾನ ಹಗುರ. ಮೊದಲು ಎತ್ತರ ಹೆಚ್ಚಾಗಿತ್ತೆಂದು ದೇಸಾಯಿಯವರು ಎಂಜಿನ್ ಪೂರಾ ತಗ್ಗಿಸಿದ್ದರು. ಎತ್ತರ ಸರಿಹೋದ ಮೇಲೂ ಹಾಗೇ ಉಳಿಯಿತು. ಆಟೋಪೈಲಟ್ ಹಾಕಿತ್ತು. ಅವರು ಮುಂದಿನ ಗಾಜಿನಲ್ಲಿ ರನ್‌ವೇ ಹುಡುಕುತ್ತಿದ್ದರು. ಗಾಜಿನಲ್ಲಿ ಬರೀ ಮೋಡ.

ಶಕ್ತಿ ಇಲ್ಲದೆ ವೇಗ ಇಳಿಯುತ್ತದೆ. ವೇಗ ಇಳಿದಂತೆ ವಿಮಾನ ತಗ್ಗಲು ನೋಡುತ್ತದೆ. ತಗ್ಗಬಾರದೆಂದು ಆಟೋಪೈಲಟ್ ಮೂಗನ್ನು ಎತ್ತುತ್ತಾ ಹೋಗುತ್ತದೆ. ಇದಕ್ಕಾಗಿ ಬಾಲದ ರೆಕ್ಕೆಯನ್ನು ಓರೆ ಮಾಡುವ ಏರ್ಪಾಟಿದೆ, ಟ್ರಿಮ್ ಎನ್ನುತ್ತೇವೆ. ನಮ್ಮಿಬ್ಬರ ಮೊಣಕಾಲುಗಳ ನಡುವೆ ಅದರ ಚಕ್ರಗಳಿದ್ದವು, ತಿರುಗಿದಾಗ ಕಟಕಟ ಎನ್ನುತ್ತಿದ್ದವು. ಅವತ್ತು ಬಹಳ ಹೊತ್ತು ಕಟಕಟ ಎಂದವು. ಆಟೋಪೈಲಟ್‌ಗೆ ಒಂದು ಗುಣ: ಹೇಳಿದ್ದನ್ನು ಮಾಡುತ್ತದೆ, ಮಾಡಿದ್ದನ್ನು ಹೇಳುವುದಿಲ್ಲ.

"ಸ್ಪೀಡ್," ಎಂದೆ. ಅವರು ವೇಗದ ಮುಳ್ಳನ್ನು ನೋಡಿದರು. ಆಗಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ಆಟೋಪೈಲಟ್ ತೆಗೆದರು, "ಗೋ-ಅರೌಂಡ್" ಎಂದರು, ಬಲಗೈಯಿಂದ ಎಂಜಿನ್‌ಗಳಿಗೆ ಶಕ್ತಿ ಕೊಡುವ ಎರಡೂ ಲಿವರ್‌ಗಳನ್ನು ಕೊನೆಯ ತನಕ ದಬ್ಬಿದರು. ತೀರ್ಮಾನ ಸರಿಯಾಗಿತ್ತು. ಪುಸ್ತಕದಲ್ಲಿ ಇದ್ದದ್ದೂ ಅದೇ.

ಪುಸ್ತಕದಲ್ಲಿ ಇಲ್ಲದ್ದು ಆಮೇಲೆ ನಡೆಯಿತು. ನಮ್ಮ ವಿಮಾನದ ಎಂಜಿನ್‌ಗಳು ರೆಕ್ಕೆಯ ಕೆಳಗೆ ನೇತಾಡುತ್ತವೆ. ಕೆಳಗಿನಿಂದ ದಬ್ಬಿದರೆ ಮೂಗು ಮೇಲೆ ಹೋಗುತ್ತದೆ. ಹಗುರ ವಿಮಾನ, ಎರಡೂ ಎಂಜಿನ್ ಪೂರಾ ಜೋರು, ಮೊದಲೇ ಮೂಗೆತ್ತಿ ಕೂತ ಟ್ರಿಮ್. ಮೂರೂ ಕೂಡಿದವು. ಮೂಗು ಏರಿತು, ಏರುತ್ತಲೇ ಹೋಯಿತು. ದೇಸಾಯಿಯವರು ಮೂಗು ಇಳಿಸಲು ಎಡಗೈಯಿಂದ ವಿಮಾನದ ಹಿಡಿಕೆಯನ್ನು ಮುಂದಕ್ಕೆ ಒತ್ತುತ್ತಿದ್ದರು. ಅದು ಮುಂದಕ್ಕೆ ಹೋಗುವಷ್ಟು ಹೋಗಿತ್ತು. ಮೂಗು ಕೇಳಲಿಲ್ಲ. ಎತ್ತರದ ಮುಳ್ಳು ಏರುತ್ತಿತ್ತು, ವೇಗದ ಮುಳ್ಳು ಇಳಿಯುತ್ತಿತ್ತು. ಹಿಡಿಕೆ ಕೈಯಲ್ಲಿ ಗಡಗಡ ನಡುಗಿತು. ಸ್ಟಾಲ್ ಹತ್ತಿರ ಬಂದಾಗ ಅದನ್ನು ನಡುಗಿಸಲೆಂದೇ ಒಂದು ಯಂತ್ರ ಇಟ್ಟಿರುತ್ತಾರೆ, ನಮ್ಮ ಗಮನ ಬೇಕೆಂದರೂ ತಪ್ಪಬಾರದೆಂದು.

ನಾನು ಇಂಗ್ಲಿಷಿನಲ್ಲಿ ಸ್ಪೀಡ್ ಎಂದೆ, ಟ್ರಿಮ್ ಎಂದೆ. ಅವರು ಎದುರಿಗೇ ನೋಡುತ್ತಿದ್ದರು. ಎಡ ರೆಕ್ಕೆ ಕುಸಿಯತೊಡಗಿತು.

"ಸರ, ಪವರ್ ತಗೀರಿ! ಮೂಗು ಮ್ಯಾಲೆ ಹೊಂಟೈತಿ, ಪವರ್ ತಗೀರಿ!"

ಬ್ಯಾಡಗಿಯ ಸಂತೆಯಲ್ಲಿ ಕರು ತಪ್ಪಿಸಿಕೊಂಡಾಗ ಒದರುವ ದನಿ ಅದು. ಬಿದ್ದುಹೋಗುತ್ತಿರುವ ವಿಮಾನದಲ್ಲಿ ಎಂಜಿನ್ ತಗ್ಗಿಸಿ ಎನ್ನುವುದು ಬಾವಿಗೆ ಇಳಿದವನಿಗೆ ಹಗ್ಗ ಬಿಡು ಎಂದಂತೆ. ಆದರೆ ಮೂಗನ್ನು ಎತ್ತುತ್ತಿದ್ದದ್ದೇ ಎಂಜಿನ್. ನಾನು ಲಿವರ್ ಮೇಲಿದ್ದ ಅವರ ಕೈಯ ಮೇಲೆ ಕೈಯಿಟ್ಟು ಹಿಂದಕ್ಕೆ ಎಳೆದೆ. ನನ್ನ ಕಡೆಯ ಹಿಡಿಕೆಯಲ್ಲಿದ್ದ ಟ್ರಿಮ್ ಗುಂಡಿಯನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ಹಿಡಿದೆ. ಚಕ್ರಗಳು ಕಟಕಟ ಎಂದು ಉಲ್ಟಾ ತಿರುಗಿದವು. ಮೂಗು ಯೋಚಿಸಿತು. ಆಮೇಲೆ ಇಳಿಯಿತು. ಹಿಂದೆ ಅಡುಗೆಕೋಣೆಯಲ್ಲಿ ಏನೋ ಬಿದ್ದು ಉರುಳಿತು, ನಡುಕ ನಿಂತಿತು, ವೇಗ ಬಂತು. ಮೋಡದಿಂದ ಹೊರಗೆ ಬಂದಾಗ ಸಮುದ್ರ ತನ್ನ ಜಾಗದಲ್ಲೇ ಇತ್ತು.

ಎರಡನೇ ಸಲ ಸುತ್ತಿ ಬಂದು ಇಳಿದೆವು. ಪ್ರಯಾಣಿಕರು ಇಳಿದು ಹೋದರು. ಒಬ್ಬರು ಗಗನಸಖಿಯನ್ನು, ಕಾಫಿ ಚೆಲ್ಲಿದ್ದಕ್ಕೆ ಅಂಗಿ ಯಾರು ಒಗೆಸಿಕೊಡುತ್ತಾರೆ ಎಂದು ಕೇಳುತ್ತಿದ್ದರು. ದೇಸಾಯಿಯವರು ಬೆಲ್ಟ್ ಬಿಚ್ಚದೆ ಕೂತಿದ್ದರು.

"ಚಹಾ ಕುಡೀತೀಯೇನು?" ಎಂದರು.

ಕೇಳಿದ್ದು ಕನ್ನಡದಲ್ಲಿ ಎಂಬುದು ನನಗೆ ಹೊಳೆದದ್ದು ಚಹಾ ಮುಗಿದ ಮೇಲೆ.

ವಿಚಾರಣೆ ಮುಗಿಯುವ ತನಕ ಇಬ್ಬರಿಗೂ ಹಾರಾಟ ಬಂದ್. ಹಾರಾಟದ ವಿವರ ದಾಖಲಿಸುವ ವಿಮಾನದ ರೆಕಾರ್ಡರ್ ಹಳೆಯ ಮಾದರಿ. ವೇಗ ಬಿದ್ದದ್ದು ಅದರಲ್ಲಿತ್ತು, ಯಾಕೆ ಬಿತ್ತೆಂಬುದು ಇರಲಿಲ್ಲ. ನಮ್ಮ ಮೇಲಿನ ಅಧಿಕಾರಿ ನನ್ನನ್ನು ಕರೆದು ಕುರ್ಚಿ ತೋರಿಸಿದರು. ಮಳೆಗಾಲ, ಒಮ್ಮೆಲೇ ಗಾಳಿ ತಿರುಗಿತು ಎಂದು ಇಬ್ಬರೂ ಹೇಳಿಕೆ ಕೊಟ್ಟರೆ ಮುಗಿಯಿತು ಎಂದರು. ಗಾಳಿಯ ಮೇಲೆ ಯಾರೂ ಕ್ರಮ ಜರುಗಿಸಲಾರರು. "ದೇಸಾಯಿ ದೊಡ್ಡ ಮನುಷ್ಯ. ನೀನು ಇನ್ನೂ ಕ್ಯಾಪ್ಟನ್ ಆಗಬೇಕಾದವಳು," ಎಂದೂ ಸೇರಿಸಿದರು. ಎರಡು ವಾಕ್ಯಗಳಿಗೆ ಏನು ಸಂಬಂಧ ಎಂದು ಅವರು ಬಿಡಿಸಿ ಹೇಳಲಿಲ್ಲ. 

ಊರಿಗೆ ಬಂದೆ. ಮೆಣಸಿನಕಾಯಿ ಸೀಸನ್ ಅಲ್ಲದಿದ್ದರೂ ಗೋದಾಮಿನ ಓಣಿಯಲ್ಲಿ ಜನ ಸೀನುತ್ತಿದ್ದರು.

"ರಜಾ ಯಾಕ ಕೊಟ್ಟಾರ?" ಎಂದಳು ಅವ್ವ.

"ಹಂಗ ಕೊಟ್ಟಾರವ್ವಾ."

"ಹಂಗ ಯಾರೂ ಕೊಡೂದಿಲ್ಲ," ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಹೇಳಿಕೆಯ ಹಾಳೆ ಮುಂದಿಟ್ಟುಕೊಂಡು ಎರಡು ದಿನ ಕಳೆದೆ. ಗಾಳಿ ಎಂದು ಬರೆಯಲು ಕೈ ಬರಲಿಲ್ಲ. ನಡೆದದ್ದನ್ನು ಬರೆದರೆ ದೇಸಾಯಿಯವರ ಹೇಳಿಕೆಗೆ ನನ್ನದು ಎದುರಾಗುತ್ತದೆ. ಪರೀಕ್ಷಕರ ಮಾತಿನ ಮುಂದೆ ಕೋ-ಪೈಲಟ್ ಹುಡುಗಿಯ ಮಾತು ಎಷ್ಟು ಹೊತ್ತು ನಿಂತೀತು? ಅವರ ಬೆನ್ನ ಹಿಂದೆ ಬರೆಯಲೂ ಮನಸ್ಸಿರಲಿಲ್ಲ. ಅವರೂ ಹಾವೇರಿಯ ಮನೆಯಲ್ಲೇ ಇದ್ದಾರೆಂದು ಗೊತ್ತಿತ್ತು. ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಅವರ ಹೆಂಡತಿ ಕುಮುದಕ್ಕ. "ಬಾರವಾ, ಕುಂದ್ರು. ಇವರಿಗೆ ಒಂದು ವಾರದಿಂದ ಮಾತಽ ಇಲ್ಲ. ನೀನರ ಮಾತಾಡಿಸು," ಎಂದರು. ದೇಸಾಯಿಯವರು ಪಡಸಾಲೆಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದರು. ಬನಿಯನ್‌ನಲ್ಲಿರುವ ಪರೀಕ್ಷಕರನ್ನು ನಾನು ಮೊದಲು ನೋಡಿರಲಿಲ್ಲ. ಅವರು ಎದ್ದು ಹೋಗಿ ಅಂಗಿ ಹಾಕಿಕೊಂಡು ಬಂದರು.

"ಸರ, ನಾ ಗಾಳಿ ಅಂತ ಬರಿಯಂಗಿಲ್ಲ ರಿ," ಎಂದೆ. ದಾರಿಯುದ್ದಕ್ಕೂ ಬೇರೆ ಪೀಠಿಕೆ ಯೋಚಿಸಿದ್ದೆ, ಅದು ಬಾಯಿಗೆ ಬರಲಿಲ್ಲ.

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಆಶ್ಚರ್ಯಪಟ್ಟರು. "ಗಾಳಿ ಇತ್ತಲ್ಲ?"

"ಗಾಳಿ ದಿನಾ ಇರತೈತಿ ರಿ."

"ಹಂಗಲ್ಲ. ನಾ ಹಿಡಕಿ ಪೂರಾ ಒತ್ತೀನಿ. ಆದ್ರೂ ಮೂಗು ಮ್ಯಾಲ ಹೋತು. ಗಾಳಿ ಅಲ್ದ ಮತ್ತ ಏನದು?"

ಅವರು ಸುಳ್ಳು ಹೇಳುತ್ತಿಲ್ಲ ಎಂದು ಆಗ ಗೊತ್ತಾಯಿತು. ಸುಳ್ಳಾಗಿದ್ದರೆ ಸುಲಭವಿತ್ತು. ಚಕ್ರದ ಸದ್ದು, ನಾನು ಇಂಗ್ಲಿಷಿನಲ್ಲಿ ಕೂಗಿದ್ದು ಯಾವುದೂ ಅವರ ತಲೆಯಲ್ಲಿ ಇರಲಿಲ್ಲ. ಅವರ ನೆನಪಿನ ವಿಮಾನಕ್ಕೆ ನಿಜವಾಗಿಯೂ ಗಾಳಿ ಹೊಡೆದಿತ್ತು.

"ಇನ್ನೊಮ್ಮೆ ಹಾರಿಸೋಣ್ರಿ," ಎಂದೆ.

ಅವರು ನನ್ನನ್ನು ನೋಡಿದರು. ಎದ್ದು, ಎರಡು ಕಬ್ಬಿಣದ ಕುರ್ಚಿಗಳನ್ನು ಪಕ್ಕಪಕ್ಕ ಇಟ್ಟರು, ನಡುವೆ ಒಂದು ಸ್ಟೂಲು. ಕುಮುದಕ್ಕನ ಹತ್ತಿರ ಎರಡು ತಾಟು, ಎರಡು ಸೌಟು ಕೇಳಿದರು. "ಊಟಕ್ಕ ಇನ್ನೂ ಹೊತ್ತದ," ಎಂದರು ಕುಮುದಕ್ಕ. ಆದರೂ ತಂದುಕೊಟ್ಟರು. ತಾಟು ಹಿಡಿಕೆ, ಸ್ಟೂಲಿನ ಮೇಲಿನ ತಂಬಿಗೆಯಲ್ಲಿ ನಿಲ್ಲಿಸಿದ ಸೌಟುಗಳು ಎಂಜಿನ್ ಲಿವರ್. ಅವರು ಎಡಗಡೆ, ನಾನು ಬಲಗಡೆ. ಕುಮುದಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕರೆಂಟಿನ ಬಿಲ್ಲು ಕೊಡಲು ಬಂದವನು ಒಳಗೆ ನೋಡಿ, ಕಟ್ಟೆಯ ಮೇಲೆ ಇಟ್ಟು ಹೋದ.

ಮೊದಲಿನಿಂದ ಶುರುಮಾಡಿದೆವು. ಅವರು ಸೌಟು ತಗ್ಗಿಸಿದರು. ನಾನು ನೆನಪಿದ್ದಂತೆ ವೇಗ ಹೇಳುತ್ತಾ ಹೋದೆ, ಬಾಯಿಂದ ಚಕ್ರದ ಕಟಕಟ ಸದ್ದನ್ನೂ ಮಾಡಿದೆ. ಅವರು ಗೋಡೆ ನೋಡುತ್ತಿದ್ದರು. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ಅವರಿಗೆ ಮೋಡ ಕಾಣುತ್ತಿತ್ತು. "ಸ್ಪೀಡ್," ಎಂದೆ. "ಗೋ-ಅರೌಂಡ್," ಎಂದು ಸೌಟು ದಬ್ಬಿದರು. ಎಡಗೈಯ ತಾಟನ್ನು ಒತ್ತಿದರು. ಕುತ್ತಿಗೆಯ ನರ ಉಬ್ಬಿತು.

"ಒತ್ತಾಕತ್ತೀರಿ. ಆದರ ಮೂಗು ಏರಾಕತ್ತೈತಿ," ಎಂದೆ. "ಸರ, ಹಂಗಽ ಹಿಡೀರಿ. ನಿಮ್ಮ ಎಡಗೈ ಹೆಬ್ಬೆರಳು ಎಲ್ಲೈತಿ ನೋಡ್ರಿ."

ಅವರ ಕಡೆಯ ಹಿಡಿಕೆಯಲ್ಲಿ ಟ್ರಿಮ್ ಗುಂಡಿ ಇರುವುದು ಎಡ ಹೆಬ್ಬೆರಳಿನ ಕೆಳಗೆ. ಅವರು ತಲೆ ಬಗ್ಗಿಸಿ ನೋಡಿದರು. ಹೆಬ್ಬೆರಳು ತಾಟಿನ ಅಂಚನ್ನು ಸುತ್ತಿ ಬಿಗಿಯಾಗಿ ಹಿಡಿದಿತ್ತು. ಉಗುರು ಬೆಳ್ಳಗಾಗಿತ್ತು.

ಬೆರಳನ್ನು ಬಿಡಿಸಿ, ಗುಂಡಿ ಇರಬೇಕಾದ ಜಾಗದ ಮೇಲೆ ಇಟ್ಟು ನೋಡಿದರು. ಸಾರಿನ ಒಗ್ಗರಣೆಯ ವಾಸನೆ ಬಂತು, ಕುಮುದಕ್ಕ ಒಳಗೆ ಹೋದರು.

"ನೀ ಏನರ ಅಂದಿದ್ದಿಯೇನು?" ಎಂದರು ದೇಸಾಯಿಯವರು.

"ಇಂಗ್ಲೀಷಿನ್ಯಾಗ ಅಂದೆ ರಿ. ಆಮ್ಯಾಲೆ ಕನ್ನಡದಾಗ ಒದರಿದೆ."

"ಕನ್ನಡ ಕೇಳಿಸ್ತು," ಎಂದರು. "ಮನಿಯೊಳಗ ಯಾರೋ ಒದರಿದಂಗ ಆತು. ನಮ್ಮವ್ವ ಅನಿಸ್ತು."

ಅವರು ತಾಟನ್ನು ಸ್ಟೂಲಿನ ಮೇಲೆ ಮೆಲ್ಲಗೆ ಇಟ್ಟರು. ಅದೇ ತಾಟುಗಳಲ್ಲಿ ಊಟ ಮಾಡಿದೆವು. ಬಸ್‌ಸ್ಟ್ಯಾಂಡಿನ ತನಕ ಬಂದು ಬಿಟ್ಟರು. ಬಸ್ಸು ಹೊರಡುವಾಗ, "ನಂದು ನಾಳೆ ಹೋಗ್ತದ. ಗಾಳಿ ಇರೂದಿಲ್ಲ ಅದರಾಗ," ಎಂದರು.

ಫಲ ಇಷ್ಟು: ಅವರ ಪರೀಕ್ಷಕ ಪದವಿ ಹೋಯಿತು. ತಾವು ಪಾಸು ಮಾಡಿದವರ ಮುಂದೆ ಮತ್ತೆ ತಾವೇ ಪರೀಕ್ಷೆಗೆ ಕೂತರು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಕ್ಯಾಪ್ಟನ್‌ರ ಕೈ ಮುಟ್ಟಿದ್ದು ನಿಯಮಕ್ಕೆ ವಿರುದ್ಧ ಎಂದು ಅದರಲ್ಲಿತ್ತು. ವೇಗದ ಬಗ್ಗೆ ಏನೂ ಇರಲಿಲ್ಲ. ನಾನು ಕ್ಯಾಪ್ಟನ್ ಆಗುವುದು ತಡವಾಯಿತು, ತಪ್ಪಲಿಲ್ಲ.

ಆದರೆ ದೇಸಾಯಿಯವರು ಅಲ್ಲಿಗೆ ಬಿಡಲಿಲ್ಲ. ಸಿಮ್ಯುಲೇಟರ್ ಎಂಬ ನೆಲದ ಮೇಲಿನ ಕಾಕ್‌ಪಿಟ್‌ನಲ್ಲಿ ನಮಗೆ ಗೋ-ಅರೌಂಡ್ ಕಲಿಸುತ್ತಿದ್ದದ್ದು ಒಂದು ಎಂಜಿನ್ ಕೆಟ್ಟಾಗ ಮಾತ್ರ. ಆಗ ವಿಮಾನ ಭಾರ, ಶಕ್ತಿ ಸಾಲದು, ಕಷ್ಟಪಟ್ಟು ಏರಿಸಬೇಕು. ನಿಜ ಜೀವನದಲ್ಲಿ ಮಾಡಬೇಕಾಗುವುದು ಎರಡೂ ಎಂಜಿನ್ ಚೆನ್ನಾಗಿದ್ದು, ಎಣ್ಣೆ ಖರ್ಚಾಗಿ ವಿಮಾನ ಹಗುರಾದಾಗ. ಆಗ ಶಕ್ತಿಯೇ ಶತ್ರು. ಇದನ್ನು ಯಾರಿಗೂ ಕಲಿಸಿರಲಿಲ್ಲ. ದೇಸಾಯಿಯವರು ಅಧಿಕಾರಿಗಳ ಬೆನ್ನುಹತ್ತಿ ಸಿಮ್ಯುಲೇಟರನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದರು. ಹಗುರ ವಿಮಾನ, ಇಳಿದ ವೇಗ, ಮೂಗೆತ್ತಿದ ಟ್ರಿಮ್. ಹಿರಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕೂರಿಸಿದರು. ಬಾಗಿಲಲ್ಲಿ ನಿಂತು, "ನನಗ ಆಗಿದ್ದು ಇದು, ನೋಡ್ರಿ," ಎಂದು ಎಲ್ಲರಿಗೂ ಅವರವರ ಭಾಷೆಯಲ್ಲಿ ಹೇಳಿದರು. ಬೆಳಿಗ್ಗೆ ನಗುತ್ತಾ ಒಳಗೆ ಹೋದವರು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರ ರನ್‌ವೇ ಬಗ್ಗೆಯೂ ಕೇಳಲಿಲ್ಲ. ಆಮೇಲೆ ಪಾಠ ಬದಲಾಯಿತು. ಪಕ್ಕದವರು ಗೋ-ಅರೌಂಡ್ ಎಂದರೆ ಹಾರಿಸುತ್ತಿರುವವರು ಮೊದಲು ಮಾಡಬೇಕು, ಜಗಳ ಆಮೇಲೆ. ಈಗ ನಿಮಗೆ ಇದು ಸಹಜ ಅನ್ನಿಸಬಹುದು. ಆಗ ಅದು ಮನೆಯ ಹಿರಿಯರನ್ನು ಹೆಸರು ಹಿಡಿದು ಕರೆದಷ್ಟು ಹೊಸದು.

ಇದರ ತಿರುವುಮುರುವಾದ ಅಪಾಯವೂ ಒಂದಿದೆ. ತೊಂಬತ್ತರ ದಶಕದಲ್ಲಿ, ನಾನು ಕ್ಯಾಪ್ಟನ್ ಆದ ಮೇಲೆ, ಒಳ್ಳೆಯ ಕೋ-ಪೈಲಟ್ ಒಬ್ಬ ಮೋಡದೊಳಗೆ ಗೋ-ಅರೌಂಡ್ ಶುರುಮಾಡಿ, ಸರಿಯಾಗಿ ಏರುತ್ತಿದ್ದ ವಿಮಾನದ ಮೂಗನ್ನು ಇದ್ದಕ್ಕಿದ್ದಂತೆ ಕೆಳಗೆ ಒತ್ತಿದ. ಎಂಜಿನ್ ಜೋರಾದಾಗ ಬೆನ್ನು ಕುರ್ಚಿಗೆ ಒತ್ತುತ್ತದೆ. ಹೊರಗೆ ಏನೂ ಕಾಣದಿದ್ದರೆ, ಹಿಂದಕ್ಕೆ ವಾಲುತ್ತಿದ್ದೇವೆ, ಮೂಗು ಆಕಾಶ ನೋಡುತ್ತಿದೆ ಎಂದು ಕಿವಿಯೊಳಗಿನ ತಕ್ಕಡಿ ಸುಳ್ಳು ಹೇಳುತ್ತದೆ. ನೆಲ ಹತ್ತಿರವಿತ್ತು. ಹಿಡಿಕೆ ತೆಗೆದುಕೊಂಡು ಸರಿ ಮಾಡಿದೆ. "ಮೇಡಂ, ಖರೇನ ಮೂಗು ಮೇಲೆ ಹೋಗಿತ್ತು," ಎಂದ. ಇವನೂ ಸುಳ್ಳು ಹೇಳುತ್ತಿರಲಿಲ್ಲ. ಆದ್ದರಿಂದ ಹೊಸಬರಿಗೆ ನಾನು ಹೇಳುವುದು ಇಷ್ಟೇ: ಮೋಡದೊಳಗೆ ನಿಮ್ಮ ಮೈಯನ್ನು ನಂಬಬೇಡಿ, ಎದುರಿನ ಮುಳ್ಳು ನೋಡಿ. ಮೂಗು ಎಷ್ಟಿದೆ, ವೇಗ ಎಷ್ಟಿದೆ. ಉಳಿದದ್ದೆಲ್ಲ ಆಮೇಲೆ.

ಕೆಲವು ವರ್ಷಗಳ ನಂತರ ದೇಸಾಯಿಯವರ ನಿವೃತ್ತಿಗೆ ಮುಂಚಿನ ಕೊನೆಯ ಹಾರಾಟ ಬಂತು. ನಾನಾಗ ತರಬೇತಿ ಕೊಡುವವಳಾಗಿದ್ದರಿಂದ ಬಲಗಡೆ ಕೂರಬಹುದಿತ್ತು; ಕೇಳಿ ಕೂತೆ. ಮೊದಲ ಸಾಲಿನಲ್ಲಿ ಕುಮುದಕ್ಕ ಇಳಕಲ್ ಸೀರೆ ಉಟ್ಟು ಕೂತಿದ್ದರು. ಹವೆ ತಿಳಿಯಾಗಿತ್ತು, ರನ್‌ವೇ ಅಷ್ಟು ದೂರದಿಂದಲೇ ಕಾಣುತ್ತಿತ್ತು. ನಿಲ್ದಾಣದ ಮುಂದೆ ಅಧಿಕಾರಿಗಳು ಹಾರ ಹಿಡಿದು ಸಾಲಾಗಿ ನಿಂತಿದ್ದರು, ಒಬ್ಬ ಫೋಟೋದವನೂ ಇದ್ದ.

ಕೊನೆಯಲ್ಲಿ ವೇಗ ಸ್ವಲ್ಪ ಹೆಚ್ಚಿತ್ತು, ಎತ್ತರವೂ ತುಸು ಹೆಚ್ಚು. ಬಹಳವೇನಲ್ಲ. ರನ್‌ವೇ ಉದ್ದವಿತ್ತು, ಯಾರು ಬೇಕಾದರೂ ಇಳಿಸುತ್ತಿದ್ದರು, ಹಿಂದೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಬೇಕೋ ಬೇಡವೋ ಎಂದು ಯೋಚಿಸುವುದರೊಳಗೆ ಅವರೇ, "ಗೋ-ಅರೌಂಡ್," ಎಂದರು.

ಬೇಕಾದಷ್ಟೇ ಶಕ್ತಿ ಕೊಟ್ಟರು. ಮೂಗು ಏರಬೇಕಾದಷ್ಟೇ ಏರಿ ನಿಂತಿತು. ವೇಗ ಹದವಾಗಿತ್ತು. ಹಾರ ಹಿಡಿದವರ ಎದುರಿನಿಂದಲೇ ನಾವು ಮೇಲೆ ಹೋದೆವು. ಅವರು ಸಾಲಾಗಿ ಕತ್ತೆತ್ತಿ ನೋಡುತ್ತಿದ್ದದ್ದು ಪಕ್ಕದ ಕಿಟಕಿಯಲ್ಲಿ ಕಂಡಿತು. ಸುತ್ತು ಹಾಕಿ ಬಂದು ಇಳಿದಾಗ ಫೋಟೋದವನು ರೀಲು ಬದಲಿಸುತ್ತಿದ್ದ.

ಕಾಕ್‌ಪಿಟ್ ಬಾಗಿಲಲ್ಲಿ ಪ್ರಯಾಣಿಕರೊಬ್ಬರು ನಿಂತು, ಮದುವೆಯೊಂದಕ್ಕೆ ತಡವಾಯಿತು, ಎರಡು ಸಲ ಯಾಕೆ ಇಳಿಸಿದಿರಿ ಎಂದು ಜೋರಾಗಿ ಕೇಳಿದರು. ದೇಸಾಯಿಯವರು ಟೋಪಿ ಹಾಕಿಕೊಳ್ಳುತ್ತಾ ಅವರ ಕಡೆ ತಿರುಗಿದರು.

"ಮೊದಲನೇದು ಸರಿ ಬರಲಿಲ್ರಿ," ಎಂದರು.